ಅಧ್ಯಕ್ಷರಿಗೆ ನರೆ ಬಂದದ್ದು

ನನ್ನ ತಮ್ಮ ವಾಲೆಂತಿ ಎರಡು ವಾರ ಇದ್ದು ಹೋಗುತ್ತೇನೆಂದು ಸೂಟ್‌ಕೇಸು ಹಿಡಿದು ನನ್ನ ಮನೆಗೆ ಬಂದಿದ್ದ. ಬಂದು ಹನ್ನೊಂದು ವರ್ಷವಾಗಿತ್ತು. ಬೀಗ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು ಅವನು. ರಾದೊಮ್ ಊರಿನ ಯಾವ ಬಾಗಿಲನ್ನು ಬೇಕಾದರೂ ತೆರೆಯಬಲ್ಲವನಿಗೆ ನನ್ನ ಮನೆಯ ಬಾಗಿಲು ದಾಟಿ ಹೊರಗೆ ಹೋಗುವುದು ಹೇಗೆಂಬುದು ಮಾತ್ರ ಹೊಳೆದಿರಲಿಲ್ಲ. ಅವನಿಗೆ ಮದುವೆಯಾಗಿರಲಿಲ್ಲ. ನನಗೂ ಆಗಿರಲಿಲ್ಲ. ಆದರೆ ನಾನು ಬೇಡವೆಂದು ಬಿಟ್ಟವಳು, ಅವನು ಕೇಳಲು ಧೈರ್ಯ ಸಾಲದೆ ಉಳಿದವನು. ಈ ವ್ಯತ್ಯಾಸ ನಮ್ಮ ಕಟ್ಟಡದ ಹೆಂಗಸರ ತಲೆಗೆ ಎಂದೂ ಹೋಗಲಿಲ್ಲ.

ಹಾಗಿರುವಾಗ ಅವನು ಎದುರು ಮನೆಯ ವಿಧವೆ ಯಾದ್ವಿಗಾಳನ್ನು ಮದುವೆಗೆ ಕೇಳಿಬಿಟ್ಟ. ಅದೂ ಎಲ್ಲಿ ಎಂದರೆ ಸ್ಮಶಾನದಲ್ಲಿ. ನವೆಂಬರಿನ ಸಕಲ ಸಂತರ ದಿನ ಅವಳ ಗಂಡ ಎಡ್ಮುಂಡನ ಗೋರಿಯ ಮೇಲೆ ಸೇವಂತಿಗೆಯ ಕುಂಡ ಇಡಲು ಸಹಾಯಕ್ಕೆ ಹೋದವನು, ದೀಪ ಹಚ್ಚಿ, ಟೋಪಿ ತೆಗೆದು, ಅಲ್ಲಿಯೇ ಕೇಳಿದನಂತೆ.

"ಜಾಗ ಬೇರೆ ಸಿಗಲಿಲ್ವೇನೋ ನಿನಗೆ?" ಎಂದೆ ನಾನು.

"ಎಡ್ಮುಂಡ್ ನನ್ನ ಸ್ನೇಹಿತ ಅಲ್ವಾ ಗೇನಿಯಾ. ಅವನ ಬೆನ್ನ ಹಿಂದೆ ಕೇಳಿದ ಹಾಗಾಗಬಾರದು ಅಂತ ಎದುರಿಗೇ ಕೇಳ್ದೆ."

ನನ್ನ ತಮ್ಮ ಇಂಥವನು. ಇವನ ಪ್ರಾಮಾಣಿಕತೆ ನೋಡಿ ನನಗೆ ಎಷ್ಟೋ ಸಲ ಹಲ್ಲು ಕಡಿಯುವಂತಾಗಿದೆ.

ಯಾದ್ವಿಗಾ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮಗಳ ಬಾಣಂತನಕ್ಕೆಂದು ಅವಳು ಮಾರನೆಯ ದಿನವೇ ಶ್ಚೆಚಿನ್‌ಗೆ ಹೊರಟಿದ್ದಳು. ಅಲ್ಲಿ ಅವಳಿ ಮಕ್ಕಳು ಹುಟ್ಟುವುದರಲ್ಲಿದ್ದವು. ಹೊರಡುವ ಮುಂಚೆ ಒಂದು ಪಂಜರವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಪಾನ್ ವಾಲೆಂತಿ, ಫೆಬ್ರವರಿಗೆ, ಕೊಬ್ಬಿನ ಗುರುವಾರದ ಹೊತ್ತಿಗೆ ವಾಪಸ್ ಬರ್ತೀನಿ. ಅಲ್ಲೀವರೆಗೂ ಅಧ್ಯಕ್ಷರನ್ನ ನೋಡ್ಕೊಳ್ಳಿ. ಬಂದ ಮೇಲೆ ನಿಮ್ಮ ಮಾತಿಗೆ ಉತ್ತರ ಹೇಳ್ತೀನಿ."

ಪಾನ್, ಪಾನಿ ಎಂಬುದು ನಮ್ಮಲ್ಲಿ ಗಂಡಸರನ್ನೂ ಹೆಂಗಸರನ್ನೂ ಮರ್ಯಾದೆಯಿಂದ ಕರೆಯುವ ಮಾತು. ಅಧ್ಯಕ್ಷರು ಎಂದರೆ ಹ್ಯಾಮ್ಸ್ಟರ್ ಎಂಬ ಇಲಿಜಾತಿಯ ಸಾಕುಪ್ರಾಣಿ. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು, ಬೂದು ಮೈ, ತಲೆಯಿಂದ ಬಾಲದವರೆಗೆ ಬೆನ್ನ ಮೇಲೆ ಒಂದು ಕಪ್ಪು ಗೆರೆ. ಬಾಲವೆಂದು ಹೇಳಿದ್ದು ಮರ್ಯಾದೆಗೆ, ಇದ್ದದ್ದು ಒಂದು ಮೊಂಡು ಚುಕ್ಕೆ. ನಮ್ಮ ವಸತಿ ಸಹಕಾರ ಸಂಘದ ಅಧ್ಯಕ್ಷರ ಹಾಗೆ ಇದೂ ಹಗಲು ಹೊತ್ತಿನಲ್ಲಿ ಯಾರ ಕೈಗೂ ಸಿಗುವುದಿಲ್ಲ, ಸಿಕ್ಕಾಗ ಕೆನ್ನೆ ತುಂಬಿಕೊಂಡೇ ಇರುತ್ತದೆ ಎಂದು ಎಡ್ಮುಂಡ್ ಆ ಹೆಸರಿಟ್ಟಿದ್ದ. ಪಂಜರದ ಸರಳಿಗೆ ಉಂಗುರದಿಂದ ಎರಡು ಸಲ ಟಕಟಕ ಎನಿಸಿ "ಸಭೆ ಶುರು" ಎಂದರೆ ಹಿಂಗಾಲಿನ ಮೇಲೆ ಎದ್ದು ನಿಲ್ಲುವುದನ್ನೂ ಕಲಿಸಿದ್ದ. ಸಾಯುವ ಮುಂಚೆ ಅವನು ಮಾಡಿದ ಕೊನೆಯ ಕೆಲಸ ಅದು.

ಹೀಗೆ ನನ್ನ ತಮ್ಮನ ಮದುವೆಯ ಭಾಗ್ಯ ಆ ಮೊಂಡುಬಾಲದ ಕೈಗೆ ಹೋಯಿತು. ನನ್ನ ಭಾಗ್ಯವೂ ಅದರ ಜೊತೆಗೇ ಹೋಯಿತು. ಅವನು ಎದುರು ಮನೆಗೆ ಹೋದರೆ ಅವನು ಮಲಗುವ ಸಣ್ಣ ಕೋಣೆಯಲ್ಲಿ ಹೊಲಿಗೆ ಯಂತ್ರ ಇಡಬೇಕೆಂದು ನಾನು ಕಿಟಕಿಯ ಅಳತೆಯನ್ನೂ ತೆಗೆದುಕೊಂಡಿದ್ದೆ.

ಮೊದಲ ರಾತ್ರಿಯೇ ಅಧ್ಯಕ್ಷರು ಪಂಜರದೊಳಗಿನ ಓಟದ ಚಕ್ರ ಹತ್ತಿದರು. ಒಳಗಿನ ಕೋಣೆಯಲ್ಲಿ ವಾಲೆಂತಿಯ ಗೊರಕೆ, ಅಡುಗೆಮನೆಯಲ್ಲಿ ಇವರ ಗಿರಗಿರ. ಇಬ್ಬರಲ್ಲಿ ಒಬ್ಬರು ಬಾಲ್ಕನಿಗೆ ಹೋಗಲೇಬೇಕಿತ್ತು, ಅಧ್ಯಕ್ಷರು ಎತ್ತಲು ಹಗುರ. ನಮ್ಮ ಬಾಲ್ಕನಿಗೆ ಗಾಜು ಹಾಕಿಸಿದೆ, ದೀಪ ಇಲ್ಲ. ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿಗಳು ಅಲ್ಲಿಯೇ ಇರುತ್ತವೆ. ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ, ಹಾಗಂತ ಬೆಚ್ಚಗೂ ಇರುವುದಿಲ್ಲ. ವಾಲೆಂತಿ ಪಂಜರಕ್ಕೆ ನನ್ನ ಉಣ್ಣೆಯ ಶಾಲು ಹೊದಿಸಿದ. ಹೊಸ ಶಾಲು ಅದು.

ಆಮೇಲೆ ಎಲ್ಲ ಸರಿಯಾಗಿಯೇ ಇತ್ತು. ಪ್ರತಿ ಭಾನುವಾರ ಪೂಜೆ ಮುಗಿಸಿ ಯಾದ್ವಿಗಾ ಫೋನು ಮಾಡುತ್ತಿದ್ದಳು. ವಾಲೆಂತಿ ಕೂದಲು ಬಾಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದ, ಅವಳಿಗೆ ಕಾಣುತ್ತದೇನೋ ಎಂಬಂತೆ. ಡಿಸೆಂಬರಿನಲ್ಲಿ ಅವನು ಮೆತ್ತಗಾಗತೊಡಗಿದ. ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ, ಊಟದ ಮಧ್ಯೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ನನ್ನನ್ನು ಅತ್ತ ಬಿಡುತ್ತಿರಲಿಲ್ಲ. ಸೌತೆಕಾಯಿ ಬೇಕೆಂದರೂ ತಾನೇ ತಂದುಕೊಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಲೋಟ ಎತ್ತಿಟ್ಟವನಲ್ಲ. ನನಗೆ ಅನುಮಾನ ಬರದೇ ಇರುತ್ತದೆಯೇ?

ಕ್ರಿಸ್‌ಮಸ್ ಹಿಂದಿನ ಸಂಜೆ ಗುಟ್ಟು ರಟ್ಟಾಯಿತು. ಊಟ ಶುರುಮಾಡಲು ಕಾಯುವ ಮೊದಲ ನಕ್ಷತ್ರ ಕಂಡಿತ್ತು, ಎರಡು ದಿನ ನಮ್ಮ ಸ್ನಾನದ ತೊಟ್ಟಿಯಲ್ಲಿ ಈಜಾಡಿ ನಮಗೆ ಸ್ನಾನ ತಪ್ಪಿಸಿದ್ದ ಕಾರ್ಪ್ ಮೀನು ತಟ್ಟೆಗೆ ಬಂದಿತ್ತು, ನಾವಿಬ್ಬರೂ ಬಿಳಿಯ ಪೂಜೆಹಪ್ಪಳ ಮುರಿದು ಒಬ್ಬರಿಗೊಬ್ಬರು ಹಾರೈಸಿ ಆಗಿತ್ತು. ಪ್ರಾಣಿಗಳಿಗೆಂದು ಬೇರೆ ಗುಲಾಬಿ ಬಣ್ಣದ ಹಪ್ಪಳವಿರುತ್ತದೆ. ವಾಲೆಂತಿ ಅದನ್ನು ಹಿಡಿದು ಬಾಲ್ಕನಿಗೆ ಹೋದ, ಎಷ್ಟು ಹೊತ್ತಾದರೂ ಬರಲಿಲ್ಲ. ಆ ರಾತ್ರಿ ಪ್ರಾಣಿಗಳಿಗೆ ಮನುಷ್ಯರ ಮಾತು ಬರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಯಾರೂ ನಂಬುವುದಿಲ್ಲ, ಎಲ್ಲರೂ ಕಿವಿ ಕೊಡುತ್ತಾರೆ. ನಾನು ಬಾಗಿಲ ಸಂದಿಗೆ ಕಿವಿ ಕೊಟ್ಟೆ.

"ಹೇಳಿ ಅಧ್ಯಕ್ಷರೇ, ಇವತ್ತಾದ್ರೂ ಬಾಯಿ ಬಿಡಿ," ಎನ್ನುತ್ತಿದ್ದ. "ನಾನೇನು ಕಮ್ಮಿ ಮಾಡಿದ್ದೀನಿ? ಕಾಳು ಸಾಲ್ದಾ? ಪಾನಿ ಯಾದ್ವಿಗಾ ನೆನಪಾ? ನನಗೂ ಇದೆ ಸ್ವಾಮಿ. ನನಗೂ ಇದೆ. ಆದರೆ ನಾನು ಹೀಗೆ ಮಾಡಿಕೊಂಡಿದ್ದೀನಾ?"

ಬಾಗಿಲು ತಳ್ಳಿ ಒಳಗೆ ಹೋದೆ. ಪಂಜರದಲ್ಲಿ ಅಧ್ಯಕ್ಷರು ಗುಲಾಬಿ ಹಪ್ಪಳವನ್ನು ಕೆನ್ನೆಗೆ ತುರುಕಿಕೊಳ್ಳುತ್ತಿದ್ದರು. ಅವರ ಅರ್ಧ ಮೈ ಬೆಳ್ಳಗಾಗಿತ್ತು.

"ಇದೇನೋ ಇದು?"

"ನರೆ," ಎಂದ ವಾಲೆಂತಿ. "ದುಃಖಕ್ಕೆ ನರೆ ಬಂದಿದೆ ಗೇನಿಯಾ. ನಮ್ಮ ಸೋದರತ್ತೆಗೂ ಹೀಗೇ ಆಯ್ತಲ್ಲ, ಯುದ್ಧದಲ್ಲಿ ಗಂಡ ಕಾಣೆಯಾದಾಗ. ಒಂದೇ ಚಳಿಗಾಲಕ್ಕೆ ತಲೆ ಪೂರ್ತಿ ಬೆಳ್ಳಗೆ."

ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಮುನ್ನೂರು ಮಕ್ಕಳಿಗೆ ಸೂಪು ಬಡಿಸಿದ ಕೈ ಇದು, ಸುಲಭಕ್ಕೆ ನಡುಗುವುದಿಲ್ಲ. ಆದರೂ ಆ ಜೀವ ಹಾಗೆ ಅರ್ಧ ಬೂದು ಅರ್ಧ ಬಿಳಿಯಾಗಿ ನನ್ನತ್ತ ನೋಡಿದಾಗ ಎದೆ ಧಸಕ್ಕೆಂದಿತು. ನನ್ನ ಹೊಲಿಗೆ ಯಂತ್ರವೂ ಕಣ್ಣ ಮುಂದೆ ಬಂತು.

ಜನವರಿ ಮುಗಿಯುವ ಹೊತ್ತಿಗೆ ಅಧ್ಯಕ್ಷರು ಹಾಲಿನಂತೆ ಬೆಳ್ಳಗಾಗಿದ್ದರು. ಬೆನ್ನ ಮೇಲಿನ ಗೆರೆ ಮಾತ್ರ ಪೆನ್ಸಿಲಿನಲ್ಲಿ ಎಳೆದು ಅಳಿಸಿದಷ್ಟು ಉಳಿದಿತ್ತು. ತಿನ್ನುವುದಕ್ಕೇನೂ ಕಡಿಮೆಯಿರಲಿಲ್ಲ, ಓಡುವುದಕ್ಕೂ ಕಡಿಮೆಯಿರಲಿಲ್ಲ. ಬಣ್ಣ ಒಂದೇ ಹೋದದ್ದು. ಭಾನುವಾರದ ಫೋನಿನಲ್ಲಿ ವಾಲೆಂತಿ "ಚೆನ್ನಾಗಿ ತಿಂತಾರೆ, ಚೆನ್ನಾಗಿ ಓಡ್ತಾರೆ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಇಟ್ಟ ಮೇಲೆ ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದ.

"ಹೇಳಿಬಿಡೋ," ಎಂದೆ.

"ಹೇಳಿದ್ರೆ ನಾಳೆನೇ ರೈಲು ಹತ್ತಿ ಬಂದ್ಬಿಡ್ತಾರೆ. ಅಲ್ಲಿ ಎರಡು ಕೂಸು, ಮಗಳಿಗೆ ಜ್ವರ. ಬಂದಮೇಲೆ ನಾನೇ ಹೇಳ್ತೀನಿ."

"ಬಂದಮೇಲೆ ನೀನು ಹೇಳಬೇಕಾಗಿಲ್ಲ. ಅವಳಿಗೇನು ಕಣ್ಣಿಲ್ವಾ?"

ಅವನನ್ನು ಎಳೆದುಕೊಂಡು ಮಾರುಕಟ್ಟೆಗೆ ಹೋದೆ. ಅಲ್ಲಿ ಪಾನ್ ಇಗ್ನಾತ್ಸಿ ಎಂಬಾತ ಸಾಕುಪ್ರಾಣಿಗಳ ಅಂಗಡಿ ಇಟ್ಟಿದ್ದಾನೆ. ಇಂಟರ್ನೆಟ್ ಮನೆಮನೆಗೆ ಬಂದಿರದ ಕಾಲ ಅದು, ಯಾವ ಪ್ರಾಣಿಯ ವಿಷಯಕ್ಕೂ ಇಗ್ನಾತ್ಸಿಯನ್ನೇ ಕೇಳಬೇಕು. ಕೇಳಿದರೆ ಬೇಗ ಬಿಡುವ ಆಸಾಮಿಯಲ್ಲ. ಯಾದ್ವಿಗಾ ಕಾಳು ಕೊಳ್ಳುವುದೂ ಅವನಲ್ಲೇ, ಆದ್ದರಿಂದ ನಿಜ ಹೇಳುವಂತಿರಲಿಲ್ಲ. ಇನ್ನೊಂದು ಬೂದು ಹ್ಯಾಮ್ಸ್ಟರ್ ತಂದು ಪಂಜರದಲ್ಲಿಡುವುದು, ಬಿಳಿಯದನ್ನು ನಾನು ಸಾಕಿಕೊಳ್ಳುವುದು, ಇದು ನನ್ನ ಯೋಜನೆ. ವಾಲೆಂತಿಗೆ ಪೂರ್ತಿ ತಿಳಿಸಿರಲಿಲ್ಲ.

"ಹ್ಯಾಮ್ಸ್ಟರ್ ಬೇಕಿತ್ತು," ಎಂದೆ.

"ಯಾರಿಗೆ ಪಾನಿ ಗೆನೊವೆಫಾ?" ಎಂದು ನನ್ನ ಪೂರ್ತಿ ಹೆಸರು ಹಿಡಿದು ಕರೆದು ಇಗ್ನಾತ್ಸಿ ಸಂಬಂಧ ಕುದುರಿಸುವ ದಳ್ಳಾಳಿಯ ಹಾಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸ್ವಭಾವ ನೋಡದೆ ನಾನು ಕೊಡಲ್ಲ. ಇವರನ್ನ ನೋಡಿ, ಸಿರಿಯಾ ಕಡೆಯವರು. ಬಂಗಾರದ ಬಣ್ಣ, ಮೈ ತುಂಬಿಕೊಂಡಿದ್ದಾರೆ, ಹಿಡಿದ್ರೆ ಹಿಡಿಸ್ಕೋತಾರೆ. ಆದ್ರೆ ಇವರ ಮನೆಗೆ ಇನ್ನೊಬ್ಬರು ಕಾಲಿಡಬಾರದು. ಸ್ವಂತ ತಂಗಿ ಬಂದ್ರೂ ರಕ್ತ ಬರೋ ಹಾಗೆ ಕಚ್ತಾರೆ. ಒಬ್ಬರೇ ಇರಬೇಕು."

"ಬುದ್ಧಿವಂತರು," ಎಂದೆ. ವಾಲೆಂತಿ ಕೆಮ್ಮಿದ.

"ಈ ಮೂಲೇಲಿ ರೊಬೊರೊವ್ಸ್ಕಿ. ಎಲ್ಲರಿಗಿಂತ ಚಿಕ್ಕವರು. ಹುಬ್ಬು ಬಿಳಿ ಇದೆ ನೋಡಿ. ಕಂಡ್ರಾ?"

"ಎಲ್ಲಿ?"

"ಅದೇ ನಾನೂ ಹೇಳ್ತಿರೋದು. ಕಾಣೋದ್ರೊಳಗೆ ಇರಲ್ಲ. ನೋಡೋಕೆ ಮಾತ್ರ ಇವರು, ಮುದ್ದು ಮಾಡೋಕಲ್ಲ. ಕೈಯಿಂದ ಜಾರಿ ಬೀರು ಕೆಳಗೆ ಹೋದ್ರೆ ಬೀರು ಕದಲಿಸಬೇಕು. ಇನ್ನು ಇವರು ಚೀನಾದವರು. ಸಣಕಲು, ಬಾಲ ಇದೆ. ನೋಡಿದವರು ಇಲಿ ಅಂತಾರೆ ಅಂತ ಪಾಪ ನಾಚಿಕೊಂಡೇ ಇರ್ತಾರೆ. ಬೆರಳು ಕೊಟ್ರೆ ನಾಲ್ಕು ಕಾಲಲ್ಲೂ ತಬ್ಬಿಕೊಂಡು ಹಿಡಿದುಬಿಡ್ತಾರೆ, ಬಿಡೋದೇ ಇಲ್ಲ."

ವಾಲೆಂತಿ ಬೆರಳು ಕೊಟ್ಟ. ಅದು ತಬ್ಬಿಕೊಂಡಿತು. ಹನ್ನೊಂದು ವರ್ಷದಿಂದ ಬಿಡದೆ ಹಿಡಿದುಕೊಂಡವರು ಯಾರೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ನಮಗೆ ಬೂದು ಬಣ್ಣದ್ದು ಬೇಕು. ಬೆನ್ನ ಮೇಲೆ ಕಪ್ಪು ಗೆರೆ," ಎಂದೆ.

"ಹಾಗಾದ್ರೆ ಇವರಿದ್ದಾರೆ, ಕ್ಯಾಂಬೆಲ್. ಗೆರೆ ಇದೆ. ಆದ್ರೆ ಸ್ವಲ್ಪ ಮುಂಗೋಪಿ. ಪಂಜರದೊಳಗೆ ಕೈ ಹಾಕಿದ್ರೆ ತನ್ನ ಮನೆಗೆ ಕಳ್ಳ ನುಗ್ಗಿದ ಅಂತಲೇ ತಿಳ್ಕೋತಾರೆ. ನಿಮಗೆ ಸರಿಹೋಗೋದು ಜುಂಗಾರಿಯಾದವರು. ಇವರ ದಾಯಾದಿಗಳೇ, ಗೆರೆ ಹಾಗೇ, ಸ್ವಭಾವ ಬೆಣ್ಣೆ. ಕ್ರಿಸ್‌ಮಸ್‌ಗೆ ಮುಂಚೆನೇ ಎಲ್ಲ ಖಾಲಿಯಾಯ್ತು. ಈಗ ಸಿಕ್ಕಿದ್ರೂ ನೀವು ಕೇಳೋ ಬಣ್ಣ ಸಿಗೋದು ಕಷ್ಟ ಪಾನಿ, ಯಾಕೆ ಅಂದ್ರೆ ಈ ಜುಂಗಾರಿಯಾದವರು ಚಳಿಗಾಲದಲ್ಲಿ..."

"ಪಾನ್ ಇಗ್ನಾತ್ಸಿ, ವ್ಯಾಪಾರ ಮಾಡಿ. ಉಪನ್ಯಾಸ ಕೇಳೋಕೆ ನಾನು ಚರ್ಚಿಗೆ ಹೋಗ್ತೀನಿ," ಎಂದೆ.

ಅವನು ಬಾಯಿ ಮುಚ್ಚಿಕೊಂಡ. ಹೇಳಬೇಕಾದ್ದನ್ನು ಬೇಗ ಹೇಳದೆ ಸಿರಿಯಾ, ಚೀನಾ ಎಲ್ಲ ಸುತ್ತಿಸಿದ್ದು ಅವನ ತಪ್ಪು, ನನ್ನದಲ್ಲ.

ಆ ಮುಂಗೋಪಿ ಕ್ಯಾಂಬೆಲ್ ಆದರೂ ಸರಿ ಎಂದು ನಾನು ಪರ್ಸು ತೆಗೆದೆ. ಆಗ ವಾಲೆಂತಿಗೆ ನನ್ನ ಯೋಜನೆ ಹೊಳೆಯಿತು. ಅವನು ನನ್ನ ಪರ್ಸನ್ನು ಮುಚ್ಚಿ ನನ್ನ ಕೈಗೇ ಇಟ್ಟ.

"ಇದಾಗಲ್ಲ ಗೇನಿಯಾ. ಎಡ್ಮುಂಡ್ ಎದ್ದು ನಿಲ್ಲೋದು ಕಲಿಸಿದ್ದು ಅವರಿಗೆ, ಇವರಿಗಲ್ಲ."

"ಇಲಿಗೆ ಯಾರಪ್ಪ ಜಾತಕ ನೋಡ್ತಾರೆ?"

"ಆಗಲ್ಲ ಅಂದ್ರೆ ಆಗಲ್ಲ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ನನಗೆ ಆಗಲ್ಲ ಎಂದದ್ದು. ಪರ್ಸನ್ನು ಚೀಲಕ್ಕೆ ಹಾಕಿದೆ. ತಿರುಗಿ ನೋಡಿದರೆ ಹಿಂದೆ ಹಕ್ಕಿಕಾಳಿನ ಚೀಲ ಹಿಡಿದು ಪಾನಿ ಕ್ಲೆಮೆಂತಿನಾ. ನಮ್ಮ ಕಟ್ಟಡದ ಕೆಳಮಹಡಿಯವಳು, ಕಿವಿ ಮಾತ್ರ ನಮ್ಮ ನಾಲ್ಕನೆಯ ಮಹಡಿಯಲ್ಲಿ.

ಉಳಿದ ದಾರಿ ಒಂದೇ. ಈಸ್ಟರ್ ಮೊಟ್ಟೆಗೆ ಬಣ್ಣ ಹಾಕಲೆಂದು ನಾನು ಚಳಿಗಾಲವಿಡೀ ಈರುಳ್ಳಿ ಸಿಪ್ಪೆಯನ್ನು ಒಂದು ಹಳೆಯ ಕಾಲುಚೀಲದಲ್ಲಿ ತುಂಬಿಡುತ್ತೇನೆ, ಎಲ್ಲರೂ ತುಂಬಿಡುತ್ತಾರೆ. ಬಿಳಿ ಮೊಟ್ಟೆಗೆ ಹಿಡಿಯುವ ಬಣ್ಣ ಬಿಳಿ ಹ್ಯಾಮ್ಸ್ಟರಿಗೆ ಹಿಡಿಯುವುದಿಲ್ಲವೇ? ಗುರುವಾರ ಯಾದ್ವಿಗಾ ಬರುವವಳು, ಬುಧವಾರ ಬೆಳಿಗ್ಗೆ ಪಾತ್ರೆ ಒಲೆಗಿಟ್ಟೆ. ನೀರು ಕುದಿದು, ಆರಿ, ಉಗುರುಬೆಚ್ಚಗಾಗಿ, ಒಳ್ಳೆಯ ಕಂದು ಬಣ್ಣಕ್ಕೆ ಬಂತು.

"ಹಿಡ್ಕೊಂಡು ಬಾ," ಎಂದೆ.

ವಾಲೆಂತಿ ಪಾತ್ರೆಯನ್ನು ನೋಡಿದ, ಬಾಲ್ಕನಿಯನ್ನು ನೋಡಿದ. "ಬದಲಿ ಇಡೋದು ಮೋಸ. ಇದು ಮೋಸ ಅಲ್ಲ, ಅಲ್ವಾ? ನೀನೂ ತಲೆಗೆ ಹಚ್ಕೋತೀಯಲ್ಲ."

"ನಾನು ಹಚ್ಕೊಳ್ಳೋದು ಗೋರಂಟಿ. ನನ್ನ ಸುದ್ದಿ ಬೇಡ."

"ನನ್ನ ಮೀಸೇನೂ ಬೆಳ್ಳಗಿದೆ. ಮೊದಲು ಇದಕ್ಕೆ ಹಚ್ಚು. ಏನಾಗುತ್ತೋ ನೋಡೋಣ."

ಬಟ್ಟೆ ಅದ್ದಿ ಅವನ ಮೀಸೆಗೆ ಒತ್ತಿಟ್ಟೆ. ಪ್ರಾರ್ಥನೆಗೆ ಕೂತವನ ಹಾಗೆ ಕಣ್ಣು ಮುಚ್ಚಿ ಕೂತಿದ್ದ. ಬಟ್ಟೆ ತೆಗೆದರೆ ಮೀಸೆ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿತ್ತು, ಸುತ್ತಲ ಚರ್ಮವೂ ಹಾಗೆಯೇ. ಮೇಲಿಂದ ಮೇಲೆ ಸೀನಿದ. ಬೂದು ಬಣ್ಣದ ಸುಳಿವೇ ಇಲ್ಲ.

ಕನ್ನಡಿ ನೋಡಿ ಅವನು ನಗಲಿಲ್ಲ, ಬಯ್ಯಲಿಲ್ಲ. "ನನಗೇ ಇಷ್ಟು ನವೆ. ಅವರು ದಿನಾ ಮೈ ನೆಕ್ಕಿಕೊಳ್ಳೋರು, ಹೊಟ್ಟೆಗೆ ಹೋಗುತ್ತೆ," ಎಂದು ಪಾತ್ರೆ ಎತ್ತಿ ಸಿಂಕಿಗೆ ಸುರಿದ. ನನ್ನ ಈಸ್ಟರಿನ ಅಷ್ಟೂ ಬಣ್ಣ ಗಳಗಳನೆ ಹೋಯಿತು.

"ಹೋಗ್ಲಿ, ಆ ಮೀಸೆನಾದ್ರೂ ಬೋಳಿಸು."

"ಅಧ್ಯಕ್ಷರ ಗುರುತು ಸಿಗಲ್ಲ. ನನ್ನ ಗುರುತೂ ಸಿಗದಿದ್ರೆ ಅವರು ಯಾರ ಹತ್ರ ಮಾತಾಡಬೇಕು?"

ಕೊಬ್ಬಿನ ಗುರುವಾರವೆಂದರೆ ಊರಿಗೆ ಊರೇ ಸಾಲು ನಿಂತು ಪೊಂಚ್ಕಿ ಕೊಳ್ಳುವ ದಿನ. ಮಾರನೆಯ ವಾರದಿಂದ ಉಪವಾಸ ಹಿಡಿಯಬೇಕಲ್ಲ, ಅದಕ್ಕೆ ಮುಂಚೆಯೇ ಹಣ್ಣಿನ ಪಾಕ ತುಂಬಿದ ಆ ಕರಿದ ಉಂಡೆಗಳನ್ನು ಹೊಟ್ಟೆ ಬಿರಿಯೆ ತಿಂದುಬಿಡುತ್ತೇವೆ. ಯಾದ್ವಿಗಾ ಸಂಜೆ ಹೊತ್ತಿಗೆ ಬಂದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಪೊಂಚ್ಕಿಯ ಡಬ್ಬ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೆಳಮಹಡಿಯಲ್ಲಿ ಬಹಳ ಹೊತ್ತು ನಿಂತದ್ದು ನಮಗೆ ಕೇಳಿಸಿತು. ಕ್ಲೆಮೆಂತಿನಾ ತನ್ನ ಕೆಲಸ ಮುಗಿಸಿದ್ದಾಳೆಂದು ಆಗಲೇ ತಿಳಿಯಿತು. ವಾಲೆಂತಿಯ ಮುಖ ಹುಳ್ಳಗಾಯಿತು.

ಯಾದ್ವಿಗಾ ಕೋಟು ತೆಗೆಯದೆ ಅಡುಗೆಮನೆಯಲ್ಲಿ ನಿಂತಳು.

"ಅಧ್ಯಕ್ಷರು ಹೋದ್ರಂತೆ," ಎಂದಳು. "ನೀವು ಇಗ್ನಾತ್ಸಿ ಅಂಗಡೀಲಿ ಅದೇ ಬಣ್ಣದ್ದು ಹುಡುಕ್ತಿದ್ರಂತೆ. ತೋರಿಸಿ, ಸಿಕ್ಕಿದ್ದನ್ನ ನೋಡೋಣ."

ಅವಳ ದನಿ ತಣ್ಣಗಿತ್ತು. ಸಿಟ್ಟು ಬಂದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಅದು ಸಿಟ್ಟಲ್ಲ, ಬೇಸರ. ನನ್ನ ತಮ್ಮನಿಗೆ ಇಲ್ಲ ಎನ್ನುವುದನ್ನು ಅವಳು ಮೆಟ್ಟಿಲ ಮೇಲೇ ತೀರ್ಮಾನಿಸಿಕೊಂಡು ಬಂದಿದ್ದಳು. ನಾನು ಮುಖ ತಿರುಗಿಸಿದೆ. ಹೊಲಿಗೆ ಯಂತ್ರಕ್ಕಲ್ಲ, ದೇವರಾಣೆಗೂ ಅಲ್ಲ. ಬಾಚಿದ ತಲೆಯ ಮೇಲೆ ಇನ್ನೊಂದು ಸಲ ಕೈಯಾಡಿಸಿಕೊಂಡು ನಿಂತ ಅವನನ್ನು ನೋಡಲಾಗಲಿಲ್ಲ.

ವಾಲೆಂತಿ ಪಂಜರ ತಂದು ಮೇಜಿನ ಮೇಲಿಟ್ಟ. ಶಾಲು ತೆಗೆದ. ಅಧ್ಯಕ್ಷರು ಆಗ ತಾನೇ ಎದ್ದು ಆಕಳಿಸುತ್ತಿದ್ದರು, ಮೈಯೆಲ್ಲ ಹಿಮದ ಹಾಗೆ.

ಯಾದ್ವಿಗಾ ನೋಡಿದಳು. ಆಮೇಲೆ ವಾಲೆಂತಿಯ ಮೀಸೆಯನ್ನು ನೋಡಿದಳು. ಮತ್ತೆ ಅಧ್ಯಕ್ಷರನ್ನು ನೋಡಿದಳು.

"ಇದು ಬಿಳಿ," ಎಂದಳು.

"ಅವರೇ ಇವರು," ಎಂದ ವಾಲೆಂತಿ. "ದುಃಖಕ್ಕೆ ನರೆ ಬಂತು. ನನ್ನ ಕೈಯಲ್ಲಿದ್ದಾಗಲೇ ಬಂತು, ಹಾಗಾಗಿ ತಪ್ಪು ನನ್ನದೇ. ಫೋನಲ್ಲಿ ಹೇಳ್ಲಿಲ್ಲ, ನೀವು ಕೂಸುಗಳನ್ನ ಬಿಟ್ಟು ಬರ್ತೀರಿ ಅಂತ. ಬೇರೆ ತರೋಣ ಅಂತ ಮಾತು ಬಂತು, ತರಲಿಲ್ಲ. ಬಣ್ಣ ಹಚ್ಚೋಣ ಅಂತಾನೂ ಬಂತು. ಅದನ್ನ ಮಾತ್ರ ಮಾಡೋನಿದ್ದೆ. ನನ್ನ ಮೇಲೆ ಮೊದಲು ಹಚ್ಚಿ ನೋಡ್ದೆ, ಹೀಗಾಯ್ತು. ಅವರಿಗೆ ಹಚ್ಚಲಿಲ್ಲ."

ಮಾತು ಬಂತು, ಮಾತು ಬಂತು ಎಂದು ನನ್ನ ಹೆಸರನ್ನು ಮುಚ್ಚಿಟ್ಟ. ನಾನು ಒಲೆಯ ಕಡೆ ತಿರುಗಿ ಕೆಟಲ್ ಇಟ್ಟೆ.

ಯಾದ್ವಿಗಾ ಉಂಗುರದಿಂದ ಸರಳಿಗೆ ಎರಡು ಸಲ ಬಡಿದಳು. "ಸಭೆ ಶುರು," ಎಂದಳು.

ಅಧ್ಯಕ್ಷರು ಬೆನ್ನು ತಿರುಗಿಸಿ ಒಂದು ಕುಂಬಳಬೀಜವನ್ನು ಎಡಗೆನ್ನೆಗೆ ತುರುಕಿದರು. ಇನ್ನೊಂದನ್ನು ಬಲಗೆನ್ನೆಗೆ ತುರುಕಿದರು. ಎದ್ದು ನಿಲ್ಲುವ ಮಾತಿರಲಿ, ತಲೆ ಕೂಡ ಎತ್ತಲಿಲ್ಲ. ನಿಜವಾದ ಅಧ್ಯಕ್ಷರೂ ಬೇಕಾದ ದಿನ ಹೀಗೆಯೇ ಮಾಡುವುದು.

"ಮುಗೀತು," ಎಂದುಕೊಂಡೆ.

ಯಾದ್ವಿಗಾ ಕುರ್ಚಿ ಎಳೆದು ಕೂತಳು. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾಳೆಂದು ಟವೆಲ್ಲು ಕೊಡಲು ಹೋದರೆ ನಗುತ್ತಿದ್ದಳು, ಕಣ್ಣೀರೂ ಬರುತ್ತಿತ್ತು.

"ಪಾನ್ ವಾಲೆಂತಿ, ಇವರು ಮೂರನೇ ಅಧ್ಯಕ್ಷರು," ಎಂದಳು. "ಮೊದಲನೆಯವರು ನಾನು ಮಂಡಿನೋವಿಗೆ ಅಂತ ಮೂರು ವಾರ ಆರೋಗ್ಯಧಾಮಕ್ಕೆ ಹೋದಾಗ ಸತ್ತರು. ಎಡ್ಮುಂಡ್ ಹೇಳ್ಲಿಲ್ಲ. ಇನ್ನೊಂದು ತಂದಿಟ್ಟ. ಅದು ಕ್ಯಾಂಬೆಲ್. ನೋಡೋಕೆ ಹಾಗೇ, ಆದ್ರೆ ಕೈ ಹಾಕಿದ ದಿನವೇ ನನ್ನ ಬೆರಳು ಕಚ್ಚಿ ಹಾಕ್ತು. ನೀನು ಬಿಟ್ಟು ಹೋದೆ ಅಂತ ಅಧ್ಯಕ್ಷರಿಗೆ ಕೋಪ ಬಂದಿದೆ ಅಂದ ಎಡ್ಮುಂಡ್. ನಾನು ನಂಬಿದ ಹಾಗೆ ಮಾಡ್ದೆ. ಒಂದು ವರ್ಷ ಕಚ್ಚಿಸ್ಕೊಂಡೆ."

"ಮೂರನೆಯವರು?" ಎಂದೆ ನಾನು.

"ಅದು ನಾನು ತಂದಿದ್ದು. ಎಡ್ಮುಂಡ್ ಆಸ್ಪತ್ರೇಲಿದ್ದಾಗ ಎರಡನೆಯದು ಸತ್ತುಹೋಯ್ತು. ಅವನಿಗೆ ಗೊತ್ತಾದ್ರೆ ಮನಸ್ಸಿಗೆ ಹಚ್ಕೋತಾನೆ ಅಂತ ಇಗ್ನಾತ್ಸಿ ಹತ್ರ ಈ ಜುಂಗಾರಿಯಾದವರನ್ನ ತಂದು ಇಟ್ಟೆ. ಅವನು ಮನೆಗೆ ಬಂದ, ಕೈ ಹಾಕಿದ, ಕಚ್ಚಲಿಲ್ಲ. ಅಧ್ಯಕ್ಷರಿಗೆ ಕೋಪ ಇಳಿದಿದೆ ಅಂದ. ಇಳಿದಿದೆ ಅಂದೆ ನಾನೂ. ಅವನಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಅಂತಾನೂ ಅವನಿಗೆ ಗೊತ್ತಿತ್ತು. ಇಬ್ಬರೂ ತುಟಿ ಪಿಟಕ್ಕೆನ್ನದೆ ಅದಕ್ಕೆ ಎದ್ದು ನಿಲ್ಲೋದು ಕಲಿಸ್ತಾ ಕೂತ್ವಿ. ಅವನು ಹೋದ ಮೇಲೆ ಹೇಳೋಣ ಅಂದ್ರೆ ಯಾರಿಗೆ ಹೇಳೋದು?"

ಕೆಟಲ್ ಕುದಿಯತೊಡಗಿತು. ನಾನು ಒಲೆ ಆರಿಸಿದೆ.

"ಒಳ್ಳೇ ಮನುಷ್ಯ ನನ್ನ ಎಡ್ಮುಂಡ್. ಆದರೆ ಇನ್ನೊಂದು ಸಲ ಹಾಗೆ ಬದುಕೋಕೆ ನನಗೆ ಆಗಲ್ಲ. ಅದಕ್ಕೇ ಇವರನ್ನ ನಿಮ್ಮ ಹತ್ರ ಬಿಟ್ಟು ಹೋದೆ. ಬದುಕ್ತಾರೋ ಸಾಯ್ತಾರೋ, ನೀವು ಏನು ಹೇಳ್ತೀರಿ ಅಂತ ನೋಡ್ಬೇಕಿತ್ತು. ಇವರು ಅವರು ಹೌದೋ ಅಲ್ವೋ ನನಗೆ ಗೊತ್ತಿಲ್ಲ. ಎದ್ದು ನಿಲ್ಲಲಿಲ್ಲ. ಆದರೆ ಮೋಸ ಮಾಡೋನು ಬೂದು ಇದ್ದ ಕಡೆ ಬಿಳಿ ತಂದಿಡ್ತಾನಾ? ಆ ಮೀಸೆ ಇಟ್ಕೊಂಡು ಬಾಗಿಲು ತೆಗೀತಾನಾ?" ಎಂದು ಕಣ್ಣೊರೆಸಿಕೊಂಡು ಡಬ್ಬ ತೆರೆದಳು. "ಒಪ್ಪಿಗೆ, ಪಾನ್ ವಾಲೆಂತಿ. ತಗೊಳ್ಳಿ, ಗುಲಾಬಿ ಪಾಕದ್ದು."

ವಾಲೆಂತಿ ಪೊಂಚ್ಕಿ ತೆಗೆದುಕೊಂಡ. ತಿನ್ನಲು ಮರೆತು ಅದನ್ನು ಹಿಡಿದುಕೊಂಡೇ ನಿಂತಿದ್ದ, ಪಾಕ ತೋಳಿನೊಳಗೆ ಇಳಿಯುತ್ತಿತ್ತು. ನನಗೆ ಅಳು ಬಂತು. ಬಂದದ್ದನ್ನು ಬಂತು ಎನ್ನುವುದರಲ್ಲಿ ನಾಚಿಕೆಯೇನು?

"ಒಂದು ಮಾತು ಇದೆ," ಎಂದಳು ಯಾದ್ವಿಗಾ. "ಇಗ್ನಾತ್ಸಿ ಯಾವಾಗ್ಲೂ ಹೇಳ್ತಾನೆ, ಚಿಕ್ಕಂದಿನಿಂದ ಜೊತೆಗೆ ಬೆಳೆದವರನ್ನ ಮಾತ್ರ ಒಂದೇ ಪಂಜರದಲ್ಲಿ ಇಡಬೇಕಂತೆ. ಬಲಿತವರನ್ನ ತಂದು ಜೊತೆಗೆ ಹಾಕಿದ್ರೆ ಕಿತ್ತಾಡ್ತಾರಂತೆ. ಪಕ್ಕಪಕ್ಕದಲ್ಲಿ ಎರಡು ಪಂಜರ ಇಟ್ರೆ ಸುಖವಾಗಿರ್ತಾರೆ. ನಾವು ಬಲಿತವರು. ಮದುವೆ ಆಗೋಣ. ಊಟ ನಮ್ಮಲ್ಲಿ, ಭಾನುವಾರ ಪೂಜೆ ಜೊತೆಗೆ. ಮಲಗೋಕೆ ನೀವು ನಿಮ್ಮ ಮನೆ, ನಾನು ನನ್ನ ಮನೆ. ಗೊರಕೆ ನನಗೆ ಎರಡು ಬಾಗಿಲ ಆಚೆಯಿಂದಲೇ ಕೇಳುತ್ತೆ."

"ಆಗಬಹುದು," ಎಂದ ವಾಲೆಂತಿ, ಹಾರಿಹೋಗುವಷ್ಟು ಖುಷಿಯಲ್ಲಿ.

ಯಾವುದು ನಿಮ್ಮ ಮನೆ, ಅದು ನನ್ನ ಮನೆ ಎಂದು ಹೇಳಲು ನಾನು ಬಾಯಿ ತೆರೆದೆ. ಯಾದ್ವಿಗಾ ಆ ಬಾಯಿಗೆ ಒಂದು ಪೊಂಚ್ಕಿ ಇಟ್ಟಳು.

ಜುಂಗಾರಿಯಾದವರ ಬಗ್ಗೆ ಇಗ್ನಾತ್ಸಿ ಅರ್ಧಕ್ಕೆ ನಿಲ್ಲಿಸಿದ ಮಾತು ನೆನಪಾಗಿ ಮಾರನೆಯ ದಿನವೇ ಅವನ ಅಂಗಡಿಗೆ ಹೋಗಿ, ಬಾಲ್ಕನಿಯ ಕತೆಯೆಲ್ಲ ಹೇಳಿ ಜಗಳ ತೆಗೆದೆ. ಅವನು ಕ್ಯಾಂಬೆಲ್ ಕಚ್ಚಿದ ಬೆರಳಿಗೆ ಪಟ್ಟಿ ಸುತ್ತುತ್ತಾ ನಕ್ಕ. "ಹೇಳೋಕೆ ಬಂದ್ರೆ ಚರ್ಚಿಗೆ ಹೋಗ್ತೀನಿ ಅಂದ್ರಲ್ಲ. ಜುಂಗಾರಿಯಾದವರಿಗೆ ಹಗಲು ಗಿಡ್ಡ ಆದ್ರೆ ಬಿಳಿ ಕೋಟು ಬರುತ್ತೆ ಪಾನಿ. ಹಿಮದ ಸೀಮೆಯವರು, ಹಿಮದಲ್ಲಿ ಕಾಣಬಾರದಲ್ಲ. ಪಾನಿ ಯಾದ್ವಿಗಾ ಅಡುಗೆಮನೇಲಿ ದೀಪ ಆರಿಸೋದೇ ಇಲ್ಲ, ಹೋದ ಸಲ ಇವರಿಗೆ ಚಳಿಗಾಲ ಬಂದಿದ್ದೇ ಗೊತ್ತಾಗ್ಲಿಲ್ಲ. ನಿಮ್ಮ ಕತ್ತಲೆ ಬಾಲ್ಕನೀಲಿ ಗೊತ್ತಾಯ್ತು. ವಸಂತ ಬರ್ಲಿ, ತಾನಾಗೇ ಬೂದು ಆಗ್ತಾರೆ."

ದುಃಖಕ್ಕಲ್ಲ ಎಂದು ಕೇಳಿ ವಾಲೆಂತಿಗೆ ಒಂದು ಕ್ಷಣ ಬೇಸರವೇ ಆಯಿತು ಎಂದು ನನಗನ್ನಿಸಿತು.

ಆ ವರ್ಷ ಈಸ್ಟರಿಗೆ ನನ್ನ ಮೊಟ್ಟೆಗಳೆಲ್ಲ ಬಿಳಿಯವೇ. ಅಧ್ಯಕ್ಷರ ಬೆನ್ನ ಮೇಲೆ ಬೂದು ಮರಳತೊಡಗಿತ್ತು. ವಾಲೆಂತಿಯ ಮೀಸೆ ಬುಡದಿಂದ ಬೆಳ್ಳಗಾಗುತ್ತಿತ್ತು. ಈಸ್ಟರ್ ಊಟಕ್ಕೆ ಯಾದ್ವಿಗಾ ಪಂಜರ ಸಮೇತ ಬಂದು ಅಭ್ಯಾಸಬಲದಿಂದ ಸರಳಿಗೆ ಉಂಗುರ ಬಡಿದು "ಸಭೆ ಶುರು" ಎಂದಳು. ಅಧ್ಯಕ್ಷರು ಹಿಂಗಾಲಿನ ಮೇಲೆ ನೆಟ್ಟಗೆ ಎದ್ದು ನಿಂತು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು.

ಅವರ ಮದುವೆಯಾಗಿ ಈಗ ಎರಡೂ ಮನೆಯ ಬಾಗಿಲುಗಳು ಇಡೀ ದಿನ ತೆರೆದೇ ಇರುತ್ತವೆ. ಹಗಲೆಲ್ಲ ಅವನು ಅಲ್ಲಿರುತ್ತಾನೆ, ನನಗೆ ಅಡುಗೆಮನೆ ಪೂರ್ತಿ ಸಿಕ್ಕಿದೆ. ನಾನು ಸಿರಿಯಾದವಳೇ, ಒಬ್ಬಳೇ ಇರಬೇಕಾದವಳು ಎಂದು ಇಗ್ನಾತ್ಸಿಯ ಮಾತು ಕೇಳಿದ ದಿನವೇ ಅಂದುಕೊಂಡಿದ್ದೆ. ಹೊಲಿಗೆ ಯಂತ್ರ ಇಂದಿಗೂ ಕಾರಿಡಾರಿನಲ್ಲೇ ಇದೆ. ಸಂಜೆಯಾದರೆ ವಾಲೆಂತಿ ಹಲ್ಲುಜ್ಜಿಕೊಂಡು ತನ್ನ ಕೋಣೆಗೆ ಬರುತ್ತಾನೆ, ಗೊರಕೆ ಶುರುವಾಗುತ್ತದೆ. ಒಂದು ದಿನ ಅವನು ಬರುವುದು ತಡವಾಯಿತು. ನಾನು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ, ಮೂರನೆಯ ಸಲ ಎದುರು ಮನೆಗೇ ಹೋಗಿ "ಏನೋ, ನಿನ್ನ ಮನೆಗೆ ಬರಲ್ವೇನೋ?" ಎಂದು ಬಯ್ದು ಕರೆದುಕೊಂಡು ಬಂದೆ.